ಹಲ್ಲು, ಒಸಡು, ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲಿನ ಸಂಶೋಧನೆ ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಎದುರಿಗಿರುವವರು ಮೊದಲು ಬಾಯಿ ಮುಚ್ಚಿಕೊಳ್ಳುತ್ತಾರೆ. ಐದು ನಿಮಿಷ ಆದ ಮೇಲೆ ಪ್ರಶ್ನೆ ಶುರುವಾಗುತ್ತದೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು. ನೋವು, ಊತ, ಜ್ವರ ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಮೊದಲು ದಂತವೈದ್ಯರ ಹತ್ತಿರ ಹೋಗಿ.

## ಮೊದಲ ಪಾಠ

ಹುಳುಕು ಹಲ್ಲಲ್ಲಿ ನಿಜವಾಗ್ಲೂ ಹುಳು ಇರುತ್ತಾ?

ಇಲ್ಲ. ನಮ್ಮ ಮಾತಿನಲ್ಲೇ ಹುಳು ಕೂತುಬಿಟ್ಟಿದೆ, ಅಷ್ಟೇ. ಈ ನಂಬಿಕೆ ತುಂಬಾ ಹಳೆಯದು. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲು ಕೊರೆಯುವ ಹುಳುವಿನ ಕಥೆ ಇದೆ. 1700ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ಸೂಕ್ಷ್ಮದರ್ಶಕ ಹಿಡಿದು ಹುಡುಕಿದರು, ಹುಳು ಸಿಗಲಿಲ್ಲ. 1890ರಲ್ಲಿ ವಿಲ್ಲೋಬಿ ಮಿಲ್ಲರ್ ಎಂಬ ಅಮೆರಿಕದ ದಂತವೈದ್ಯರು ಬರ್ಲಿನ್‌ನಲ್ಲಿ ಕೂತು ಇದನ್ನು ಬಿಡಿಸಿ ಹೇಳಿದರು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ, ಪಿಷ್ಟ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಈ ಮೂಲ ವಿವರಣೆ ಇವತ್ತಿಗೂ ನಿಂತಿದೆ.

ಸಿಹಿ ತಿಂದ್ರೆ ಹಲ್ಲು ಹಾಳು ಅಂತಾರೆ. ಎಷ್ಟು ತಿಂದ್ರೆ ಹಾಳು?

"ಎಷ್ಟು" ಅನ್ನುವುದಕ್ಕಿಂತ "ಎಷ್ಟು ಸಲ" ಅನ್ನುವುದು ಒಳ್ಳೆಯ ಪ್ರಶ್ನೆ.

1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬುವವರು ಸಕ್ಕರೆ ನೀರು ಮುಕ್ಕಳಿಸಿದ ಮೇಲೆ ಹಲ್ಲಿನ ಪಾಚಿಯಲ್ಲಿ (ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾದ ಪದರದಲ್ಲಿ) ಆಮ್ಲ ಹೇಗೆ ಏರುತ್ತದೆ ಅಂತ ಅಳೆದರು. ಆಮ್ಲ ಏರಿದಷ್ಟೂ ಪಿಎಚ್ ಅನ್ನುವ ಅಳತೆ ಇಳಿಯುತ್ತದೆ. ಕೆಲವೇ ನಿಮಿಷದಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗೆ ಬೀಳುತ್ತದೆ. ಅಲ್ಲಿಂದ ಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮಲ್, ಕರಗಲು ಶುರು. ಜೊಲ್ಲು ನಿಧಾನವಾಗಿ ಆಮ್ಲವನ್ನು ತಗ್ಗಿಸಿ, ಖನಿಜವನ್ನು ವಾಪಸು ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದೇ ಸಲಕ್ಕೆ ನಾಲ್ಕು ಟಾಫಿ ತಿಂದರೆ ಒಂದು ಸಲ ಆಮ್ಲದ ದಾಳಿ. ಅದೇ ನಾಲ್ಕನ್ನು ದಿನವಿಡೀ ಒಂದೊಂದಾಗಿ ಚೀಪಿದರೆ ನಾಲ್ಕು ದಾಳಿ. ಜೊಲ್ಲಿಗೆ ಉಸಿರಾಡಲು ಬಿಡುವೇ ಇಲ್ಲ.

ಇದನ್ನು ಮನುಷ್ಯರಲ್ಲೇ ತೋರಿಸಿದ್ದು ಸ್ವೀಡನ್ನಿನ ಲುಂಡ್ ಬಳಿಯ ವಿಪೆಹೋಮ್ ಅಧ್ಯಯನ. 1945ರಿಂದ 1953ರವರೆಗೆ ನಡೆಯಿತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟೇನೂ ಹೆಚ್ಚಲಿಲ್ಲ. ಊಟದ ನಡುವೆ ಅಂಟು ಟಾಫಿ ತಿಂದವರ ಹಲ್ಲು ಬೇಗ ಬೇಗ ಹೋಯಿತು. ಇದರ ಇನ್ನೊಂದು ಮುಖ ಹೇಳದೆ ಬಿಡಲಾರೆ. ಟಾಫಿ ತಿನ್ನಿಸಿದ್ದು ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿದ್ದವರಿಗೆ. ಅವರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಹಣದಲ್ಲಿ ಒಂದು ಪಾಲು ಸಿಹಿತಿಂಡಿ ಉದ್ಯಮದ್ದು. ಆಮೇಲೆ ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಅನ್ನುವ ಸಲಹೆ ಬಂತು. ಆ ಮಕ್ಕಳ ಹಲ್ಲು ಉಳಿದದ್ದು ಯಾರ ಹಲ್ಲಿನ ಬೆಲೆಯಲ್ಲಿ ಅಂತ ನಮ್ಮ ಪಾಠಗಳಲ್ಲಿ ಹೇಳುವುದು ಕಡಿಮೆ.

ಸಲ ಮುಖ್ಯ ಅಂದ ಮಾತ್ರಕ್ಕೆ ಪ್ರಮಾಣಕ್ಕೆ ಮಿತಿ ಇಲ್ಲ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇದು: ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಲಿ, ಆದರೆ ಶೇ 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು.

ದಿನಾ ಎರಡು ಸಲ ಉಜ್ತೀನಿ. ಆದ್ರೂ ಹುಳುಕು ಯಾಕೆ ಬಂತು?

ಮೂರು ಕಡೆ ನೋಡಿ. ಒಂದು, ಬ್ರಷ್ಷಿನ ಕೂದಲು ಹೋಗದ ಜಾಗ: ಎರಡು ಹಲ್ಲಿನ ಸಂದಿ, ದವಡೆ ಹಲ್ಲಿನ ಮೇಲಿನ ಆಳವಾದ ಗೀರು. ಎರಡು, ನಿಮ್ಮ ಪೇಸ್ಟಿನಲ್ಲಿ ಫ್ಲೋರೈಡ್ ಇದೆಯೇ? ಹುಳುಕು ತಡೆಯುವ ವಿಷಯದಲ್ಲಿ ಉಜ್ಜುವ ಕೆಲಸಕ್ಕಿಂತ ಫ್ಲೋರೈಡಿನ ಕೆಲಸವೇ ದೊಡ್ಡದು. ಮೂರು, ಉಜ್ಜಿದ ಮೇಲೆ ನೀರು ತುಂಬಿಕೊಂಡು ಚೆನ್ನಾಗಿ ಮುಕ್ಕಳಿಸುತ್ತೀರಾ? ಹಾಗೆ ಮಾಡಿದರೆ ಫ್ಲೋರೈಡೂ ಚರಂಡಿಗೆ ಹೋಯಿತು. ನೊರೆ ಉಗುಳಿ, ಸುಮ್ನೆ ಬಿಟ್ಟುಬಿಡಿ. ಮೊದಲ ವಾರ ಬಾಯಿ ಒಂಥರಾ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇವೆಲ್ಲ ಸರಿ ಇದ್ದೂ ಹುಳುಕಾದರೆ ಜೊಲ್ಲಿನ ಬಗ್ಗೆ ಯೋಚಿಸಬೇಕು. ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಹಲ್ಲಿನ ವೈದ್ಯರಿಗೂ ತೋರಿಸಿ.

ಒಸಡಿಂದ ರಕ್ತ ಬರ್ತಿದೆ. ಆ ಜಾಗ ಉಜ್ಜೋದು ಬಿಡ್ಲಾ?

ಬಿಡಬೇಡಿ. ಹೆಚ್ಚಿನ ಸಲ ರಕ್ತ ಬರುವುದು ಅಲ್ಲಿ ಪಾಚಿ ಉಳಿದಿದೆ ಅಂತ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಗಾರರು ಆರೋಗ್ಯವಂತ ಒಸಡಿದ್ದ 12 ಜನರಿಗೆ ಹಲ್ಲು ಉಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದರು. ಒಂದು ವಾರದ ಹೊತ್ತಿಗೆ ಸರಿಹೋಯಿತು. ಇಷ್ಟು ಚಿಕ್ಕ, ಇಷ್ಟು ಚೊಕ್ಕ ಪ್ರಯೋಗ ನಮ್ಮ ಕ್ಷೇತ್ರದಲ್ಲಿ ಅಪರೂಪ. ಮೆತ್ತಗಿನ ಬ್ರಷ್ ಹಿಡಿದು ಒಂದೆರಡು ವಾರ ಉಜ್ಜಿಯೂ ರಕ್ತ ನಿಲ್ಲದಿದ್ದರೆ ತೋರಿಸಿಕೊಳ್ಳಿ.

## ಅಂಗಡಿಯಲ್ಲಿ, ಕ್ಲಿನಿಕ್ಕಿನಲ್ಲಿ

ಫ್ಲೋರೈಡ್ ವಿಷ ಅಂತ ವಿಡಿಯೋ ನೋಡಿದೆ. ನಿಜಾನಾ?

ಹೆಚ್ಚಾದರೆ ಹೌದು. ಈ ಕಥೆ ಶುರುವಾದದ್ದೇ ಹೆಚ್ಚಾದ ಕಡೆಯಿಂದ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆಲ್ಲ ಕಂದು ಕಲೆ. ಆದರೆ ಆ ಕಲೆ ಬಿದ್ದ ಹಲ್ಲಿಗೆ ಹುಳುಕು ಹತ್ತುವುದು ಕಡಿಮೆ. ಕುಡಿಯುವ ನೀರಿನ ಮೇಲೆ ಮೆಕೇಗೆ ಅನುಮಾನ. ಸುಮಾರು 30 ವರ್ಷ ಬೆನ್ನು ಹತ್ತಿದರು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ತಜ್ಞ ಚರ್ಚಿಲ್ ನೀರಿನಲ್ಲಿದ್ದ ಫ್ಲೋರೈಡನ್ನು ಗುರುತಿಸಿದರು. ಆಮೇಲೆ ಅಮೆರಿಕ ಸರ್ಕಾರದ ದಂತವೈದ್ಯ ಟ್ರೆಂಡ್ಲಿ ಡೀನ್ ಊರೂರಿನ ನೀರು, ಮಕ್ಕಳ ಹಲ್ಲು ಎರಡನ್ನೂ ಹೋಲಿಸಿದರು. ಒಂದು ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆ ಕಾಣುವುದು ಕಡಿಮೆ, ಹುಳುಕೂ ಕಡಿಮೆ ಅಂತ ತಿಳಿಯಿತು. 1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ನಗರ ಜಗತ್ತಿನಲ್ಲೇ ಮೊದಲು ನೀರಿಗೆ ಫ್ಲೋರೈಡ್ ಬೆರೆಸಿತು. ಆಮೇಲೆ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ 60ಕ್ಕಿಂತ ಜಾಸ್ತಿ ಇಳಿಯಿತು.

ಆ ದೊಡ್ಡ ಲೆಕ್ಕ ಇವತ್ತಿಗೆ ಹೊಂದುವುದಿಲ್ಲ. ಆಗ ಫ್ಲೋರೈಡ್ ಪೇಸ್ಟೇ ಇರಲಿಲ್ಲ. 2024ರ ಕೊಕ್ರೇನ್ ವಿಮರ್ಶೆಯ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ಪ್ರಕಾರ, ಈಗ ನೀರಿಗೆ ಬೆರೆಸುವುದರಿಂದ ಒಂದು ಮಗುವಿಗೆ ಸಿಗುವ ಲಾಭ ಸರಾಸರಿ ಹುಳುಕಿನಿಂದ ಉಳಿಯುವ ಕಾಲು ಭಾಗ ಹಾಲುಹಲ್ಲಿನಷ್ಟು.

ಅಪಾಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬಾವಿ ನೀರಿನಲ್ಲಿ ತಾನಾಗಿಯೇ ಅದಕ್ಕಿಂತ ತುಂಬಾ ಹೆಚ್ಚಿದ್ದರೆ ಹಲ್ಲೂ ಮೂಳೆಯೂ ಕೆಡುತ್ತವೆ. 2024ರಲ್ಲಿ ಅಮೆರಿಕದ ಸರ್ಕಾರಿ ವರದಿಯೊಂದು 1.5 ಮೀರಿದ ಕಡೆ ಮಕ್ಕಳ ಬುದ್ಧಿಮಟ್ಟ ಕಡಿಮೆ ಇರುವುದರ ಜೊತೆ ನಂಟು ಕಂಡಿತು. ನೀರಿಗೆ ಬೆರೆಸಲು ಅಲ್ಲಿ ಸಲಹೆ ಮಾಡಿದ್ದ 0.7ರ ಮಟ್ಟದ ಬಗ್ಗೆ ತೀರ್ಮಾನ ಹೇಳುವಷ್ಟು ಮಾಹಿತಿ ಇಲ್ಲ ಅಂತಲೂ ಬರೆಯಿತು. ವಿಡಿಯೋದವರು ಮೊದಲ ಅರ್ಧ ಓದುತ್ತಾರೆ, ಎದುರಾಳಿಗಳು ಎರಡನೇ ಅರ್ಧ ಓದುತ್ತಾರೆ.

ಪೇಸ್ಟ್ ಇದರಿಂದ ಬೇರೆ. ನಾವು ಅದನ್ನು ನುಂಗುವುದಿಲ್ಲ. ಚಿಕ್ಕ ಮಕ್ಕಳು ನುಂಗುತ್ತಾರೆ, ಅದಕ್ಕೇ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಕಾಳಿನಷ್ಟು ಸಾಕು.

ಎಲೆಕ್ಟ್ರಿಕ್ ಬ್ರಷ್ ತಗೊಂಡ್ರೆ ಒಳ್ಳೇದಾ?

ಸ್ವಲ್ಪ. 2014ರ ಕೊಕ್ರೇನ್ ವಿಮರ್ಶೆ 56 ಅಧ್ಯಯನಗಳನ್ನು ನೋಡಿತು. ಮೂರು ತಿಂಗಳ ನಂತರ ಕೈ ಬ್ರಷ್ಷಿಗಿಂತ ಪಾಚಿ ಶೇ 21, ಒಸಡಿನ ಊತ ಶೇ 11ರಷ್ಟು ಇಳಿದಿತ್ತು. ಕೈ ನಡುಗುವವರಿಗೆ, ಬೆರಳು ಬಿಗಿದವರಿಗೆ ಖಂಡಿತ ಒಳ್ಳೆಯದು. ಉಳಿದವರಿಗೆ ಅದು ಇಷ್ಟದ ವಿಷಯ.

ಫ್ಲಾಸ್‌ಗೆ ಪುರಾವೆ ಇಲ್ಲ ಅಂದ್ರು. ಬಿಟ್ಟುಬಿಡ್ಲಾ?

ಫ್ಲಾಸ್ ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ದಾರ. ಅದಕ್ಕಿರುವ ಪುರಾವೆ ದುರ್ಬಲ ಅನ್ನುವುದು ನಿಜ. ಇರುವ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವೇ ವಾರ, ತಿಂಗಳು ನಡೆದವು. ಸಂದಿಯ ಹುಳುಕು ಕಣ್ಣಿಗೆ ಕಾಣಲು ವರ್ಷಗಳೇ ಬೇಕು. ಹಾಗಾಗಿ "ಉಪಯೋಗ ಇಲ್ಲ ಅಂತ ಗೊತ್ತಾಗಿದೆ" ಅಂತಲ್ಲ, "ಸರಿಯಾಗಿ ಯಾರೂ ಅಳೆದಿಲ್ಲ" ಅಂತ. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಹಲ್ಲಿನ ನಡುವೆ ಜಾಗ ಇದ್ದವರಿಗೆ ದಾರಕ್ಕಿಂತ ಸಂದಿಯ ಪುಟ್ಟ ಬ್ರಷ್ ಹಿಡಿಯುವುದೇ ಸುಲಭ.

ಇದ್ದಿಲಿನ ಪೇಸ್ಟ್?

ಬೇಡ. ಬಿಳಿ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಇದ್ದಿಲಿನ ಪುಡಿ ಉಜ್ಜಿ ಎನಾಮಲ್ ಸವೆಯಬಹುದು. ಸವೆದ ಎನಾಮಲ್ ವಾಪಸು ಬೆಳೆಯುವುದಿಲ್ಲ, ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಸತ್ತಿರುತ್ತವೆ.

ಆರು ತಿಂಗಳಿಗೊಮ್ಮೆ ಹೋಗ್ಲೇಬೇಕಾ?

ಈ "ಆರು" ಎಲ್ಲಿಂದ ಬಂತು ಅಂತ ಹುಡುಕಿದರೆ ಗಟ್ಟಿ ಸಂಶೋಧನೆ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 2 ಸಾವಿರಕ್ಕೂ ಜಾಸ್ತಿ ವಯಸ್ಕರನ್ನು ನಾಲ್ಕು ವರ್ಷ ನೋಡಿದರು. ಕೆಲವರಿಗೆ ಆರು ತಿಂಗಳಿಗೊಮ್ಮೆ, ಕೆಲವರಿಗೆ ಅಪಾಯ ನೋಡಿಕೊಂಡು, ಅಪಾಯ ಕಡಿಮೆ ಇದ್ದ ಕೆಲವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಕೊನೆಗೆ ಬಾಯಿಯ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗಟ್ಟಿ ಒಸಡಿನವರಿಗೆ ತಪ್ಪದೆ ಮಾಡುವ ಕ್ಲೀನಿಂಗ್ ಬಗ್ಗೆಯೂ ಹೀಗೇ ತಿಳಿದಿದೆ.

ಇದನ್ನು ಹೇಳಿದಾಗಲೆಲ್ಲ ನನ್ನ ಸ್ನೇಹಿತರಾದ ವೈದ್ಯರು ಮುಖ ಗಂಟು ಹಾಕುತ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ. ಆ ಅಧ್ಯಯನದಲ್ಲಿದ್ದವರು ಮೊದಲೇ ನಿಯಮಿತವಾಗಿ ಹೋಗುತ್ತಿದ್ದವರು. ಹತ್ತು ವರ್ಷದಿಂದ ಬಾಯಿ ತೋರಿಸದವರು ಅದನ್ನು ನೆಪ ಮಾಡಿಕೊಳ್ಳುವ ಹಾಗಿಲ್ಲ. ಮಕ್ಕಳು, ತಂಬಾಕು ಬಳಸುವವರು, ಸಕ್ಕರೆ ಕಾಯಿಲೆ ಇರುವವರು ಬೇಗ ಬೇಗ ಹೋಗಬೇಕು.

ಹಾಲುಹಲ್ಲು ಹೇಗೂ ಬೀಳುತ್ತೆ. ಹುಳುಕಾದ್ರೆ ಬಿಟ್ಟುಬಿಡಬಹುದಲ್ವಾ?

ಹಿಂದಿನ ಹಾಲುಹಲ್ಲು ಬೀಳುವುದು 10–12ರ ವಯಸ್ಸಿನಲ್ಲಿ. ನಾಲ್ಕು ವರ್ಷದ ಮಗು ಅಲ್ಲಿಯವರೆಗೆ ನೋವು ತಿನ್ನಬೇಕೇ?

ಒಳ್ಳೆಯ ಸುದ್ದಿ ಅಂದರೆ ಕೊರೆಯದೆ ಮಾಡುವ ದಾರಿಗಳಿವೆ. ಒಂದು ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಹುಳುಕಿನ ಮೇಲೆ ಹಚ್ಚಿದರೆ ಎಷ್ಟೋ ಸಲ ಅದು ಅಲ್ಲೇ ನಿಲ್ಲುತ್ತದೆ. ಆದರೆ ಆ ಜಾಗ ಕಪ್ಪಗಾಗುತ್ತದೆ, ಇದನ್ನು ಮೊದಲೇ ತಿಳಿದಿರಿ. 2021ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ಇನ್ನೊಂದು, ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಮಾಡುತ್ತಿದ್ದ ರೀತಿ: ಹುಳುಕನ್ನು ತೆಗೆಯದೆ ಮೇಲೊಂದು ಲೋಹದ ಟೋಪಿ ಅಂಟಿಸುವುದು. ಒಳಗಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗದೆ ಹುಳುಕು ನಿಲ್ಲುತ್ತದೆ. ಕೊಳೆತದ್ದನ್ನು ಒಳಗೇ ಬಿಡುವುದೇ ಅಂತ ಪ್ರಾಧ್ಯಾಪಕರು ಹೌಹಾರಿದರು. ಪರೀಕ್ಷೆಗೆ ಇಟ್ಟಾಗ ಐದು ವರ್ಷದ ಮೇಲೆ ಮಾಮೂಲಿ ಫಿಲ್ಲಿಂಗಿಗಿಂತ ಇದೇ ಚೆನ್ನಾಗಿ ಉಳಿದಿತ್ತು.

ಬೆಳ್ಳಿ ಬಣ್ಣದ ಫಿಲ್ಲಿಂಗಲ್ಲಿ ಪಾದರಸ ಇದೆಯಂತೆ. ತೆಗೆಸಿಬಿಡ್ಲಾ?

ಇದೆ, ತೂಕದಲ್ಲಿ ಸುಮಾರು ಅರ್ಧ. ಗಟ್ಟಿಯಾಗಿ ಕೂತಿದ್ದರೆ ಹೆದರಿಕೆಯಿಂದ ತೆಗೆಸಬೇಡಿ. ಕೊರೆಯುವಾಗಲೇ ಆವಿ ಜಾಸ್ತಿ ಬರುತ್ತದೆ. 2006ರಲ್ಲಿ ಪ್ರಕಟವಾದ ಮಕ್ಕಳ ಎರಡು ದೊಡ್ಡ ಪ್ರಯೋಗಗಳಲ್ಲಿ, ವರ್ಷಗಟ್ಟಲೆ ನೋಡಿದರೂ ಬುದ್ಧಿ, ನೆನಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಇದನ್ನು ನಿಲ್ಲಿಸಿದ್ದೇಕೆ? ಮುಖ್ಯವಾಗಿ ಪರಿಸರಕ್ಕೆ ಪಾದರಸ ಸೇರಬಾರದು ಅಂತ.

ರೂಟ್ ಕೆನಾಲ್ ಮಾಡಿಸಿದ್ರೆ ಬೇರೆ ಕಾಯಿಲೆ ಬರುತ್ತಾ?

ಇದು ನೂರು ವರ್ಷದ ಹಳೆಯ ಭೂತ. 1910ರಲ್ಲಿ ವಿಲಿಯಂ ಹಂಟರ್ ಎಂಬ ವೈದ್ಯರು ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಹಲ್ಲಿನ ಕೆಟ್ಟ ಚಿಕಿತ್ಸೆಯೇ ಎಷ್ಟೋ ರೋಗಗಳ ಮೂಲ ಅಂದರು. ವೆಸ್ಟನ್ ಪ್ರೈಸ್ ಎಂಬ ದಂತವೈದ್ಯರು ರೂಟ್ ಕೆನಾಲ್ ಆದ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು, ಮೊಲಗಳು ಕಾಯಿಲೆ ಬಿದ್ದವು ಅಂತ ತೋರಿಸಿದರು. ಆಮೇಲೆ ಲೆಕ್ಕವಿಲ್ಲದಷ್ಟು ಒಳ್ಳೆಯ ಹಲ್ಲುಗಳನ್ನು ಕಿತ್ತರು. ರೋಗಗಳು ಮಾತ್ರ ಹಾಗೇ ಉಳಿದವು. ಪ್ರೈಸ್ ಪ್ರಯೋಗದಲ್ಲಿ ಶುಚಿ ಇರಲಿಲ್ಲ, ಸರಿಯಾದ ಹೋಲಿಕೆಯ ಗುಂಪೂ ಇರಲಿಲ್ಲ ಅಂತ ಮುಂದೆ ತಿಳಿಯಿತು. ಜನ ಬೆಚ್ಚುವ ವಿಷಯಕ್ಕೆ ತಿದ್ದುಪಡಿ ಎಂದೂ ತಡವಾಗಿಯೇ ಬರುತ್ತದೆ.

## ಸ್ವಲ್ಪ ಆಳಕ್ಕೆ

ಒಸಡಿನ ಕಾಯಿಲೆಯಿಂದ ಹೃದಯಾಘಾತ, ಸಕ್ಕರೆ ಕಾಯಿಲೆ, ಮರೆವು ಬರುತ್ತಂತೆ?

ಮೂರನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಸಕ್ಕರೆ ಕಾಯಿಲೆಯ ನಂಟು ಗಟ್ಟಿ, ಅದೂ ಎರಡೂ ಕಡೆಯಿಂದ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಹಾಳಾಗುತ್ತದೆ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಅಳತೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಅಂತ 2022ರ ಕೊಕ್ರೇನ್ ವಿಮರ್ಶೆ ಹೇಳಿತು. ಒಂದು ಹೆಚ್ಚುವರಿ ಮಾತ್ರೆಯ ಆಸುಪಾಸಿನ ಲಾಭ ಇದು.

ಹೃದಯದ ವಿಷಯದಲ್ಲಿ ಎರಡೂ ಜೊತೆಗೆ ಕಾಣುತ್ತವೆ, ಆದರೆ ಒಂದರಿಂದ ಇನ್ನೊಂದು ಬರುತ್ತದೆ ಅಂತ ಸಾಬೀತಾಗಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಇದನ್ನೇ ಹೇಳಿತು. ಧೂಮಪಾನ ಎರಡನ್ನೂ ಕೆಡಿಸುತ್ತದೆ, ಗೊಂದಲದ ಒಂದು ಬೇರು ಅಲ್ಲಿದೆ.

ಮರೆವಿನ ಕಥೆ ಪಾಠದಂತಿದೆ. 2019ರಲ್ಲಿ ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಒಸಡಿನ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು ಅಂತ ಪ್ರಬಂಧ ಬಂತು. ಎಲ್ಲೆಡೆ ಸುದ್ದಿ. ಆ ಬ್ಯಾಕ್ಟೀರಿಯಾದ ಕಿಣ್ವ ತಡೆಯುವ ಮಾತ್ರೆಯನ್ನು 600ಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಮುಖ್ಯ ಗುರಿ ಮುಟ್ಟಲಿಲ್ಲ. ಈ ಸುದ್ದಿ ಮೊದಲಿನಷ್ಟು ಓಡಲಿಲ್ಲ.

ಉಜ್ಜದೇ ಇದ್ದೋರ ಹಲ್ಲೂ ಗಟ್ಟಿ ಇರುತ್ತಲ್ಲ, ಅದು ಹೇಗೆ?

ಶ್ರೀಲಂಕಾದ ಟೀ ತೋಟದ 480 ಗಂಡಸರನ್ನು 1970ರಿಂದ 1985ರವರೆಗೆ ಹಿಂಬಾಲಿಸಿದ ಅಧ್ಯಯನ ಇದೆ, ಅದೂ ಮೇಲೆ ಹೇಳಿದ ಹೆರಾಲ್ಡ್ ಲೋ ಅವರ ತಂಡದ್ದೇ. ಇವರು ಹಲ್ಲು ಶುಚಿ ಮಾಡುವ ರೂಢಿಯೇ ಇಲ್ಲದವರು. ಎಲ್ಲರಲ್ಲೂ ಪಾಚಿ, ಊದಿದ ಒಸಡು. ಆದರೆ ಶೇ 11ರಷ್ಟು ಜನರಲ್ಲಿ ಕಾಯಿಲೆ ಒಸಡಿನ ಊತ ಬಿಟ್ಟು ಮುಂದೆ ಹೋಗಲಿಲ್ಲ. ಶೇ 81 ಜನರಲ್ಲಿ ನಿಧಾನವಾಗಿ ಹೋಯಿತು. ಶೇ 8 ಜನರಲ್ಲಿ ಓಡಿತು, ಚಿಕ್ಕ ವಯಸ್ಸಿಗೇ ಹಲ್ಲು ಉದುರಿದವು. ಪಾಚಿ ಒಂದೇ, ದೇಹದ ಪ್ರತಿಕ್ರಿಯೆ ಬೇರೆ ಬೇರೆ.

ಇನ್ನೊಂದು ಸೋಜಿಗ: ಅವರಲ್ಲಿ ಹುಳುಕು ಇರಲೇ ಇಲ್ಲ ಅನ್ನಬಹುದು. ಹುಳುಕು, ಒಸಡಿನ ಕಾಯಿಲೆ ಎರಡೂ ಬೇರೆ ಬೇರೆ ರೋಗ ಅನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಉಜ್ಜದೆಯೂ ಹಲ್ಲು ಗಟ್ಟಿ ಇದ್ದ ನಿಮ್ಮ ತಾತ ಆ ಶೇ 11ರಲ್ಲಿ ಒಬ್ಬರಿರಬಹುದು. ನೀವೂ ಅದರಲ್ಲಿದ್ದೀರಾ ಅಂತ ತಿಳಿಯಲು ಹಲ್ಲುಗಳನ್ನು ಪಣಕ್ಕಿಡಬೇಡಿ.

ಹುಳುಕಿಗೆ ಲಸಿಕೆ ಯಾಕಿಲ್ಲ?

ಪ್ರಯತ್ನ ದಶಕಗಳಿಂದ ನಡೆದಿದೆ. 1954ರಲ್ಲಿ ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಸಕ್ಕರೆ ಕೊಟ್ಟರೂ ಹುಳುಕಾಗಲಿಲ್ಲ. 1960ರಲ್ಲಿ ಪಾಲ್ ಕೀಸ್ ಹ್ಯಾಮ್‌ಸ್ಟರ್‌ಗಳಲ್ಲಿ ಹುಳುಕು ಒಂದರಿಂದ ಒಂದಕ್ಕೆ ಹರಡುತ್ತದೆ ಅಂತ ತೋರಿಸಿದರು. ಆಗ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಒಂದೇ ಶತ್ರುವನ್ನು ಹೊಡೆದರೆ ಸಾಕು ಅನ್ನಿಸಿತು. ಆದರೆ ಬಾಯಲ್ಲಿ 700ಕ್ಕೂ ಜಾಸ್ತಿ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿವೆ, ಅವುಗಳಲ್ಲಿ ಆಮ್ಲ ಬಿಡುವವು ಹಲವು. ಒಂದನ್ನು ಓಡಿಸಿದರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಜೀವ ತೆಗೆಯದ ರೋಗಕ್ಕೆ ಲಸಿಕೆ ಕೊಡಬೇಕಾದರೆ ಅದು ತೀರಾ ಸುರಕ್ಷಿತ ಇರಬೇಕು ಅನ್ನುವ ಹಟವೂ ನ್ಯಾಯವೇ.

ಈ ಕಥೆಗೆ ಒಂದು ಒಳದಾರಿ ಇದೆ. 2015ರಲ್ಲಿ ಹೊರಬಂದ ಹಳೆಯ ಕಡತಗಳ ಪ್ರಕಾರ, ಸಕ್ಕರೆ ಹುಳುಕಿಗೆ ಕಾರಣ ಅಂತ ಅಮೆರಿಕದ ಸಕ್ಕರೆ ಉದ್ಯಮಕ್ಕೆ ಮೊದಲೇ ಗೊತ್ತಿತ್ತು. ಸಕ್ಕರೆ ಕಡಿಮೆ ಮಾಡುವ ಮಾತು ಬರದಂತೆ, ಪಾಚಿ ಕರಗಿಸುವ ಕಿಣ್ವ, ಲಸಿಕೆ ಮುಂತಾದ ಸಂಶೋಧನೆಗೆ ಅದು ಒತ್ತು ಕೊಟ್ಟಿತು. 1971ರ ಅಲ್ಲಿನ ಸರ್ಕಾರಿ ಹುಳುಕು ತಡೆ ಯೋಜನೆ ಸಂಶೋಧನೆಗೆ ಕರೆ ಕೊಟ್ಟಾಗ, ಉದ್ಯಮದ ವರದಿಯ ಶೇ 78ರಷ್ಟು ಭಾಗ ಅದರೊಳಗೆ ಸೇರಿಹೋಗಿತ್ತು. ಲಸಿಕೆಯ ಕೆಲಸ ಮಾಡಿದ ವಿಜ್ಞಾನಿಗಳು ಪ್ರಾಮಾಣಿಕರಲ್ಲ ಅಂತ ನಾನು ಹೇಳುತ್ತಿಲ್ಲ. ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನೇ ಬೇರೆಯವರು ಆರಿಸಿದ್ದರು.

ಇಂಪ್ಲಾಂಟ್ ಮೂಳೆಗೆ ಅಂಟಿಕೊಳ್ಳುತ್ತೆ ಅಂತ ಹೇಗೆ ಗೊತ್ತಾಯ್ತು?

ಆಕಸ್ಮಿಕವಾಗಿ. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಲೋಹದ ಬೇರು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಸಾಧನ ಕೂರಿಸಿದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ, ಮೂಳೆ ಅದನ್ನು ತನ್ನದಾಗಿ ಹಿಡಿದಿತ್ತು. 1965ರಲ್ಲಿ ಮೊದಲ ರೋಗಿಯ ದವಡೆಗೆ ಕೂರಿಸಿದರು. ಆ ರೋಗಿ ತೀರಿಕೊಂಡದ್ದು 2006ರಲ್ಲಿ, ಅಲ್ಲಿಯವರೆಗೂ ಇಂಪ್ಲಾಂಟ್ ಕೆಲಸ ಮಾಡುತ್ತಿತ್ತು.

ಹಲ್ಲಿನ ಅಧ್ಯಯನ ನಂಬೋದು ಹೇಗೆ?

ನಾನು ಮೊದಲು ನೋಡುವುದು ಏನನ್ನು ಅಳೆದರು ಅಂತ. ಪಾಚಿ ಕಡಿಮೆಯಾಯಿತು ಅನ್ನುವುದು ಬೇರೆ, ಹಲ್ಲು ಉಳಿಯಿತು ಅನ್ನುವುದು ಬೇರೆ. ಆಮೇಲೆ ಎಷ್ಟು ದಿನ ಅಂತ. ಎರಡು ವಾರದಲ್ಲಿ ಹುಳುಕಿನ ಬಗ್ಗೆ ಏನೂ ತಿಳಿಯದು. ದುಡ್ಡು ಯಾರದು ಅನ್ನುವುದು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ನಮ್ಮ ಕ್ಷೇತ್ರಕ್ಕೆ ಒಂದು ವಿಶೇಷ ಅನುಕೂಲ ಇದೆ. ಒಂದೇ ಬಾಯಿಯ ಎಡಕ್ಕೆ ಒಂದು ಚಿಕಿತ್ಸೆ, ಬಲಕ್ಕೆ ಇನ್ನೊಂದು ಮಾಡಿ ಹೋಲಿಸಬಹುದು. ಆದರೆ ಎಡಕ್ಕೆ ಹಚ್ಚಿದ್ದು ಜೊಲ್ಲಿನಲ್ಲಿ ಬಲಕ್ಕೂ ಹೋಗುತ್ತದೆ. ಇನ್ನೊಂದು ತಮಾಷೆ: ಯಾರೋ ನಮ್ಮ ಹಲ್ಲು ನೋಡುತ್ತಾರೆ ಅಂತ ಗೊತ್ತಾದರೆ ಎಲ್ಲರೂ ಚೆನ್ನಾಗಿ ಉಜ್ಜುತ್ತಾರೆ. ಹಾಗಾಗಿ ಹೊಸ ಪೇಸ್ಟಿನ ಪರೀಕ್ಷೆಯಲ್ಲಿ ಸಾದಾ ಪೇಸ್ಟ್ ಸಿಕ್ಕವರ ಒಸಡೂ ಸುಧಾರಿಸುತ್ತದೆ. ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನದಲ್ಲಿ ಆ ಸುಧಾರಣೆಯೆಲ್ಲ ಹೊಸ ಪೇಸ್ಟಿನ ಖಾತೆಗೆ ಬೀಳುತ್ತದೆ.

ಹೊಸ ಹಲ್ಲು ಬೆಳೆಸೋ ಔಷಧ ಬಂತಂತೆ. ಕಾಯ್ಬೇಕಾ, ಇಂಪ್ಲಾಂಟ್ ಹಾಕಿಸ್ಲಾ?

ಔಷಧ ಬಂದಿಲ್ಲ, ಪರೀಕ್ಷೆ ಶುರುವಾಗಿದೆ. ಜಪಾನಿನ ಕತ್ಸು ತಕಾಹಾಶಿ ಅವರ ತಂಡ ಯುಸಾಗ್-1 ಎಂಬ ಪ್ರೋಟೀನನ್ನು ತಡೆದು ಇಲಿ, ಫೆರೆಟ್‌ಗಳಲ್ಲಿ ಹಲ್ಲು ಬೆಳೆಸಿದ್ದನ್ನು 2021ರಲ್ಲಿ ಪ್ರಕಟಿಸಿತು. 2024ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಮೊದಲ ಹಂತ ಶುರುವಾಯಿತು. ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ಸುರಕ್ಷತೆ. ಅವರ ಮೊದಲ ಗುರಿ ಹುಟ್ಟಿನಿಂದಲೇ ಹಲವು ಹಲ್ಲು ಮೂಡದವರು, ಹುಳುಕಿನಿಂದ ಕಳೆದುಕೊಂಡವರಲ್ಲ. ಬೆಳೆದ ಹಲ್ಲು ಬೇಕಾದ ಜಾಗದಲ್ಲಿ, ಬೇಕಾದ ಆಕಾರದಲ್ಲಿ ಬರಬೇಕು ಅನ್ನುವುದು ಇನ್ನೊಂದು ತಲೆನೋವು.

ನಿಮಗೆ ಅಗಿಯಲು ಕಷ್ಟವಾಗುತ್ತಿದ್ದರೆ ಕಾಯಬೇಡಿ. ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತಾ ಬರುತ್ತವೆ, ಅಲ್ಲಿಯ ಮೂಳೆಯೂ ಸವೆಯುತ್ತಾ ಹೋಗುತ್ತದೆ.